ಒಂದು ಚಿತ್ರಕ್ಕೆ ಎಷ್ಟು ಕೇಳಬೇಕು?



ಕಳೆದ ಚಳಿಗಾಲದಲ್ಲಿ, ನಾಂಪಲ್ಲಿಯ ಮೈದಾನದಲ್ಲಿ ನುಮಾಯಿಶ್ ನಡೆದಿದ್ದ ದಿನಗಳಲ್ಲಿ, ಯಾದಗಿರಿ ಕಡೆಯ ತರುಣರೊಬ್ಬರು ನಮ್ಮ ವಾಚನಾಲಯಕ್ಕೆ ಬಂದು ಬಹಳ ಹೊತ್ತು ಪತ್ರಿಕೆ ಓದುವವರಂತೆ ಕುಳಿತಿದ್ದರು. ದೀಪ ಆರಿಸುವ ಹೊತ್ತಾದಾಗ ಬಾಯಿಬಿಟ್ಟರು. "ಕಾಕಾ, ಆಫೀಸಿನ್ಯಾಗ ನಕ್ಷಾ ತೆಗೀತೀನ್ರಿ. ಪಗಾರ ಇಪ್ಪತ್ತೆಂಟು ಸಾವಿರ. ರಾತ್ರಿ ರೂಮಿನ್ಯಾಗ ಕುಂತು ಹೊರದೇಶದವರಿಗೆ ತ್ರೀ-ಡಿ ಚಿತ್ರ ಮಾಡಿಕೊಡ್ತೀನಿ. ಒಂದು ಚಿತ್ರಕ್ಕ ನಲವತ್ತು ಡಾಲರ್ ಕೊಡ್ತಾರ. ತಿಂಗಳಿಗೆ ಇಪ್ಪತ್ತು ಚಿತ್ರ ಮಾಡಿದ್ರ ಅರವತ್ತು ಸಾವಿರಕ್ಕ ಮೋಸ ಇಲ್ಲ. ನೌಕರಿ ಬಿಡಬೇಕಂತ ಮಾಡೀನಿ, ಏನಂತೀರಿ?"

ಬಿಡು ಎಂದಾಗಲಿ ಬೇಡವೆಂದಾಗಲಿ ನಾವು ಹೇಳಲಿಲ್ಲ. ಒಂದು ಚಿತ್ರಕ್ಕೆ ಎಷ್ಟು ತಾಸು ಹಿಡಿಯುತ್ತದೆ ಎಂದು ಮಾತ್ರ ಕೇಳಿದೆವು. "ಎರಡು ದಿನದ ಕೆಲಸ ಅಷ್ಟೇರಿ" ಎಂದರು. ಎರಡು ದಿನವೆಂದರೆ ಎಷ್ಟು ತಾಸು ಎಂದು ಮತ್ತೆ ಕೇಳಿದಾಗ ಸುಮ್ಮನಾದರು. ಈ ಪಾಠವನ್ನು ಬರೆಯಲು ಆ ಮೌನವೇ ಕಾರಣ. ಚಿತ್ರದ ಕೆಲಸ ಮಾಡದವರೂ ಇದನ್ನು ಓದಬಹುದು. ರಾತ್ರಿ ಹೊತ್ತು ಅನುವಾದ ಮಾಡುವವರು, ಅಂಗಡಿಯ ಲೆಕ್ಕ ಬರೆದುಕೊಡುವವರು, ಟೈಪು ಮಾಡುವವರು ನಮ್ಮಲ್ಲಿ ಹಲವರಿದ್ದಾರೆ. ಲೆಕ್ಕದ ದಾರಿ ಎಲ್ಲರಿಗೂ ಒಂದೇ.

ಮೊದಲು ಈ ಕೆಲಸವೇನೆಂಬುದನ್ನು ತಿಳಿಯದವರಿಗಾಗಿ ಎರಡು ಮಾತು. ವಾಸ್ತುಶಿಲ್ಪಿಯು ಬರೆದುಕೊಟ್ಟ ನಕ್ಷೆಯಲ್ಲಿ ಗೆರೆಗಳೂ ಅಳತೆಗಳೂ ಇರುತ್ತವೆಯೇ ಹೊರತು ಮನೆ ಕಾಣುವುದಿಲ್ಲ. ಆ ಗೆರೆಗಳನ್ನು ಹಿಡಿದು ಗಣಕಯಂತ್ರದೊಳಗೆ ಗೋಡೆ, ಕಿಟಕಿ, ಮೆಟ್ಟಿಲು ಎಬ್ಬಿಸಬೇಕು. ಗೋಡೆಗೆ ಬಣ್ಣ, ನೆಲಕ್ಕೆ ಕಲ್ಲು, ಅಂಗಳಕ್ಕೆ ಗಿಡ ಕೂಡಿಸಬೇಕು. ಸೂರ್ಯನು ಯಾವ ಕಡೆಯಿಂದ ಬೀಳಬೇಕು, ನೋಡುವವನ ಕಣ್ಣು ಎಲ್ಲಿರಬೇಕು ಎಂಬುದನ್ನು ಗೊತ್ತುಪಡಿಸಬೇಕು. ಇಷ್ಟಾದ ಮೇಲೆ ಯಂತ್ರವು ಬೆಳಕಿನ ಲೆಕ್ಕವನ್ನೆಲ್ಲ ಮಾಡಿ, ಕಟ್ಟಡ ಈಗಾಗಲೇ ಎದ್ದುನಿಂತು ಅದರ ಫೋಟೋ ತೆಗೆದಂತೆ ಒಂದು ಚಿತ್ರವನ್ನು ಕೊಡುತ್ತದೆ. ಇದಕ್ಕೆ ರೆಂಡರಿಂಗ್ ಎಂದು ಹೆಸರು. ನಮ್ಮ ಕಡೆ ಮನೆ ಕಟ್ಟಿಸುವವರು ಸುಮ್ಮನೆ ತ್ರೀ-ಡಿ ಎನ್ನುತ್ತಾರೆ.

ಈ ಕಸುಬು ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ನ್ಯೂಯಾರ್ಕಿನಲ್ಲಿ ಹ್ಯೂ ಫೆರಿಸ್ ಎಂಬಾತ (1889-1962) ವಾಸ್ತುಶಿಲ್ಪ ಕಲಿತವನಾದರೂ ಹೆಸರು ಪಡೆದದ್ದು ಇತರರ ಕಟ್ಟಡಗಳ ಚಿತ್ರ ಬರೆದು. ಒಬ್ಬೊಬ್ಬ ವಾಸ್ತುಶಿಲ್ಪಿಗೂ ಬೇಕಾದಾಗ ಬರೆದುಕೊಡುತ್ತಿದ್ದನು. ಕಟ್ಟಿಸುವ ಧನಿಕನನ್ನು ಒಪ್ಪಿಸಲು, ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಆ ಚಿತ್ರಗಳು ಬೇಕಾಗಿದ್ದವು. 1929 ರಲ್ಲಿ ಅವುಗಳದೇ ಒಂದು ಪುಸ್ತಕ ಬಂದಿತು. ಕಟ್ಟಡ ಏಳುವ ಮೊದಲೇ ಅದನ್ನು ಕಾಣಿಸಿ ಒಪ್ಪಿಗೆಯನ್ನೂ ಹಣವನ್ನೂ ತರುವುದು ಈ ಚಿತ್ರದ ಕೆಲಸ ಎಂಬುದನ್ನು ನೆನಪಿಡಿರಿ. ಮುಂದೆ ಬೆಲೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ಆ ತರುಣರಿಗೆ ನಾವು ಇಪ್ಪತ್ತು ರೂಪಾಯಿಯ ಒಂದು ಗೆರೆ ಹಾಕಿದ ನೋಟುಬುಕ್ಕು ಕೊಟ್ಟೆವು. ಮುಂದಿನ ಚಿತ್ರ ಕೈಗೆತ್ತಿಕೊಂಡಾಗ ಕುಳಿತ ಹೊತ್ತು, ಎದ್ದ ಹೊತ್ತು ಬರೆದಿಡಬೇಕು, ಗಿರಾಕಿಗೆ ಪತ್ರ ಬರೆದ ಹೊತ್ತನ್ನೂ ಬಿಡಬಾರದು ಎಂದೆವು. ಹದಿನೈದು ದಿನಗಳ ಮೇಲೆ ಪುಸ್ತಕ ತಂದರು. ಎರಡು ಅಂತಸ್ತಿನ ಒಂದು ಮನೆಯ ಹೊರನೋಟ. ಕಟ್ಟಡ ಎಬ್ಬಿಸಲು 9 ತಾಸು, ಬಣ್ಣ ಕಲ್ಲು ಗಿಡಗಳಿಗೆ 5, ಬೆಳಕು ಹೊಂದಿಸಿ ಪರೀಕ್ಷೆಯ ಪ್ರತಿ ತೆಗೆಯಲು 4, ಕೊನೆಯ ಕೈಚಳಕಕ್ಕೆ 2, ಪತ್ರವ್ಯವಹಾರಕ್ಕೆ 2, ಗಿರಾಕಿ ಹೇಳಿದ ತಿದ್ದುಪಡಿಗಳಿಗೆ 6. ಒಟ್ಟು 28 ತಾಸು. ರಾತ್ರಿಯಿಡೀ ಯಂತ್ರ ತಾನೇ ದುಡಿದ ಹೊತ್ತು ಇದರಲ್ಲಿ ಸೇರಿಲ್ಲ.

ಇನ್ನು ಹಣದ ಕಡೆ. ನಲವತ್ತು ಡಾಲರಿನಲ್ಲಿ ಕೆಲಸ ಕೊಡಿಸಿದ ಅಂತರಜಾಲದ ಪೇಟೆಯವರು ತಮ್ಮ ದಲಾಲಿ ಮುರಿದುಕೊಳ್ಳುತ್ತಾರೆ. ಇಂಥ ಪೇಟೆಗಳಲ್ಲಿ ಒಂದಾದ ಫೈವರ್‌ನಲ್ಲಿ ಅದು ನೂರಕ್ಕೆ ಇಪ್ಪತ್ತು. (ಐದು ಡಾಲರಿಗೆ ಒಂದು ಕೆಲಸ ಎಂದು 2010 ರಲ್ಲಿ ಆರಂಭವಾದುದರಿಂದ ಅದಕ್ಕೆ ಆ ಹೆಸರು. ಹೆಸರಿನಲ್ಲೇ ಅಗ್ಗ ಇದೆ.) ಉಳಿದದ್ದು 32 ಡಾಲರು. ಡಾಲರಿನ ದರ ದಿನದಿನಕ್ಕೂ ಬೇರೆ. ಬ್ಯಾಂಕಿನ ಮುರಿವನ್ನೂ ದರ ಬೀಳುವ ಭಯವನ್ನೂ ಹಿಡಿದು, ಕೈಗೆ 80 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 2,560 ರೂಪಾಯಿ ಆಯಿತು. ಅದನ್ನು 28 ರಿಂದ ಭಾಗಿಸಿದರೆ ತಾಸಿಗೆ 91 ರೂಪಾಯಿ ಚಿಲ್ಲರೆ.

"ಅಷ್ಟಾದ್ರೂ ಬಂತಲ್ರಿ" ಎಂದರು ತರುಣರು. ಬರಲಿಲ್ಲ, ಏಕೆಂದರೆ ಇದರಲ್ಲಿ ಖರ್ಚನ್ನು ಇನ್ನೂ ಕಳೆದಿಲ್ಲ.

ಅವರ ಯಂತ್ರಕ್ಕೆ ಬಿದ್ದದ್ದು 1,44,000 ರೂಪಾಯಿ. ಊರಲ್ಲಿ ಅಣ್ಣನಿಂದ ಸಾಲ ತಂದು ಕೊಂಡದ್ದು. ನಾಲ್ಕು ವರ್ಷ ಬಾಳುತ್ತದೆಂದರೆ ತಿಂಗಳಿಗೆ 3,000. ಸಾಫ್ಟ್‌ವೇರಿನ ಬಾಡಿಗೆ 3,000. ಕರೆಂಟು ಮತ್ತು ಇಂಟರ್ನೆಟ್ಟು 2,000. ರೂಮಿನಲ್ಲಿ ಯಂತ್ರ ಕೂತ ಮೂಲೆಯ ಬಾಡಿಗೆ 1,000. ರಿಪೇರಿಗೂ, ಗಿಡ ಕುರ್ಚಿಗಳ ಮಾದರಿ ಕೊಳ್ಳುವುದಕ್ಕೂ ಮತ್ತೊಂದು 1,000. ಹೀಗೆ ತಿಂಗಳಿಗೆ 10,000 ರೂಪಾಯಿ, ಕೆಲಸ ಇದ್ದರೂ ಇಲ್ಲದಿದ್ದರೂ ಹೋಗುವಂಥದು. ಯಂತ್ರದ ಹಣವನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. "ಅದು ಕೊಂಡಾಗಿದೆಯಲ್ಲ" ಎನ್ನುತ್ತಾರೆ. ನಾಲ್ಕು ವರ್ಷದ ಮೇಲೆ ಅದು ಕೆಟ್ಟು ಕೂತಾಗ ಮತ್ತೆ ಅಣ್ಣನ ಹತ್ತಿರವೇ ಹೋಗಬೇಕಾಗುತ್ತದೆ.

ಇನ್ನು ನೌಕರಿ ಬಿಟ್ಟವನ ತಾಸುಗಳನ್ನು ನೋಡೋಣ. ದಿನಕ್ಕೆ 8 ತಾಸು, ತಿಂಗಳಿಗೆ 25 ದಿನ, ಒಟ್ಟು 200 ತಾಸು. ಆದರೆ ಇನ್ನೂರು ತಾಸಿಗೂ ಗಿರಾಕಿ ಹಣ ಕೊಡುವುದಿಲ್ಲ. ಕೆಲಸ ಹುಡುಕುವುದು, ಕೇಳಿ ಬರೆದವರಿಗೆ ಉತ್ತರ ಕೊಡುವುದು, ಹೊಸದನ್ನು ಕಲಿಯುವುದು, ಕೆಲಸವಿಲ್ಲದೆ ಕೂರುವುದು, ಇವೆಲ್ಲ ಕಳೆದು 120 ತಾಸು ದಕ್ಕಿದರೆ ಪುಣ್ಯ. ಆ 120 ತಾಸಿನಲ್ಲಿ 28 ತಾಸಿನ ಚಿತ್ರಗಳು ನಾಲ್ಕೂ ಕಾಲು ಆಗುತ್ತವೆ. ಇಪ್ಪತ್ತು ಎಲ್ಲಿ, ನಾಲ್ಕೂ ಕಾಲು ಎಲ್ಲಿ! ಚಿತ್ರಕ್ಕೆ 2,560 ರಂತೆ ಹೆಚ್ಚೆಂದರೆ 11,000 ರೂಪಾಯಿ. ಅದರಲ್ಲಿ ಖರ್ಚು 10,000 ಕಳೆಯಿರಿ. ನಾಂಪಲ್ಲಿಯಲ್ಲಿ ಬಾಡಿಗೆ ಕೊಟ್ಟು, ಊಟ ಮಾಡಿ, ತಾಯಿಗೆ ಹಣ ಕಳಿಸಲು ಉಳಿಯುವುದು ಒಂದು ಸಾವಿರ ರೂಪಾಯಿ.

ತರುಣರು ಪುಸ್ತಕವನ್ನು ತಿರುವಿ ತಿರುವಿ ನೋಡಿದರು. ನಾವು ಚಹಾ ತರಿಸಿದೆವು.

ಈಗ ಲೆಕ್ಕವನ್ನು ತಿರುಗಿಸಿ, ತಾಸಿಗೆ ಎಷ್ಟು ಬೇಕು ಎಂಬಲ್ಲಿಂದ ಆರಂಭಿಸೋಣ. ಸಂಸಾರಕ್ಕೆ ತಿಂಗಳಿಗೆ 30,000. ನೌಕರಿಯಲ್ಲಿ ರಜೆಯ ದಿನಕ್ಕೂ ಪಗಾರ ಬರುತ್ತದೆ, ಭವಿಷ್ಯನಿಧಿ ಕೂಡುತ್ತದೆ. ಬಿಡಿ ಕೆಲಸದವನಿಗೆ ಜ್ವರ ಬಂದರೆ ಅಂದಿನ ಸಂಪಾದನೆಯೂ ಮಲಗುತ್ತದೆ. ಆದುದರಿಂದ ಅದಕ್ಕೆ 5,000. ತೆರಿಗೆಗೂ ಲೆಕ್ಕಿಗನಿಗೂ 3,000. ಕಸುಬಿನ ಖರ್ಚು 10,000. ಒಟ್ಟು 48,000. ದಕ್ಕುವ 120 ತಾಸಿನಿಂದ ಭಾಗಿಸಿದರೆ ತಾಸಿಗೆ 400 ರೂಪಾಯಿ. ಇದು ಅವರ ಅಡಿಗಟ್ಟಿನ ದರ. ನಿಮ್ಮ ಅಂಕೆಗಳು ಬೇರೆ ಇರುತ್ತವೆ, ಅವನ್ನು ಹಾಕಿಕೊಳ್ಳಿ. ಈ ದರಕ್ಕಿಂತ ಕೆಳಗೆ ಇಳಿದವನು ಯಂತ್ರವನ್ನೋ, ಆರೋಗ್ಯವನ್ನೋ, ಅಣ್ಣನ ಸಾಲವನ್ನೋ ಗಿರಾಕಿಗೆ ಉಚಿತವಾಗಿ ಕೊಡುತ್ತಿದ್ದಾನೆ.

ನುಮಾಯಿಶಿನಲ್ಲಿ ಶಾಲು ಮಾರುವವರನ್ನು ನೀವೆಲ್ಲ ನೋಡಿದ್ದೀರಿ. 1938 ರಲ್ಲಿ ಬಾಗೆ ಆಮ್ ತೋಟದಲ್ಲಿ ಆರಂಭವಾದ ಈ ಪ್ರದರ್ಶನದಲ್ಲಿ ಚೌಕಾಸಿ ಮಾಡದೆ ಕೊಂಡವರು ಯಾರಿದ್ದಾರೆ? ಮೂರು ಸಾವಿರ ಎಂದದ್ದನ್ನು ಒಂದೂವರೆಗೆ ಇಳಿಸಿ ಗೆದ್ದೆವೆಂದು ನಗುತ್ತಾ ಬರುತ್ತೇವೆ. ಆದರೆ ಆ ಮಾರುವವನಿಗೆ ತನಗೆ ಬಿದ್ದ ಬೆಲೆ ಗೊತ್ತು. ಅದಕ್ಕಿಂತ ಕೆಳಗೆ ಕೇಳಿದರೆ ಶಾಲನ್ನು ಮಡಚಿ ಒಳಗಿಡುತ್ತಾನೆ. ನಮ್ಮ ಹುಡುಗರಿಗೆ ತಮಗೆ ಬಿದ್ದ ಬೆಲೆಯೇ ತಿಳಿಯದು. ಆದ್ದರಿಂದ ಮಡಚುವ ಗಳಿಗೆಯೂ ತಿಳಿಯದು.

400 ರಂತೆ 28 ತಾಸಿಗೆ 11,200 ರೂಪಾಯಿ, ಅಂದರೆ ಕೈಗೆ 140 ಡಾಲರು ಬರಬೇಕು. ದಲಾಲಿ ಸೇರಿಸಿ ಕೇಳಬೇಕಾದದ್ದು 175 ಡಾಲರು. ಇಲ್ಲಿ ಒಂದು ಸಣ್ಣ ಬಲೆ ಇದೆ, ಓದಿದವರೂ ಬೀಳುತ್ತಾರೆ. ದಲಾಲಿ ನೂರಕ್ಕೆ ಇಪ್ಪತ್ತು ಎಂದಮೇಲೆ ನಮ್ಮ ಬೆಲೆಗೆ ನೂರಕ್ಕೆ ಇಪ್ಪತ್ತು ಸೇರಿಸಿದರೆ ಸರಿಹೋಯಿತು ಎಂದುಕೊಳ್ಳುತ್ತಾರೆ. 80 ಡಾಲರು ಬೇಕಾದವನು 16 ಸೇರಿಸಿ 96 ಕೇಳುತ್ತಾನೆ. ದಲಾಲಿ ಮುರಿಯುವುದು 96 ರ ಮೇಲೆ, 19 ಡಾಲರು 20 ಸೆಂಟು. ಉಳಿದದ್ದು 76 ಡಾಲರು 80 ಸೆಂಟು. 80 ಕೈಗೆ ಬರಬೇಕಾದರೆ ನೂರಕ್ಕೆ ಇಪ್ಪತ್ತೈದರಂತೆ 20 ಸೇರಿಸಿ 100 ಕೇಳಬೇಕು. ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ.

"ನೂರಾ ಎಪ್ಪತ್ತೈದು ಕೇಳಿದ್ರ ಯಾರ್ ಕೊಡ್ತಾರ್ರೀ? ಹದಿನೈದು ಡಾಲರಿಗೆ ಮಾಡೋರು ಸಾಲುಗಟ್ಟಿ ನಿಂತಾರ." ಇದು ನಿಜವಾದ ಪ್ರಶ್ನೆ. ಇದಕ್ಕೆ ಧೈರ್ಯದ ಮಾತು ಹೇಳಿ ತಪ್ಪಿಸಿಕೊಳ್ಳುವುದು ನಮಗೆ ಸೇರದು.

ಲೋಕದ ಪೇಟೆಯಲ್ಲಿ ಹದಿನೈದು ಡಾಲರಿಗೆ ಮಾಡುವವನು ಇದ್ದೇ ಇರುತ್ತಾನೆ. ಬ್ಲೆಂಡರ್‌ನಂಥ ಸಾಫ್ಟ್‌ವೇರು 2002 ರಿಂದ ಯಾರಿಗಾದರೂ ಉಚಿತ. ತಂದೆಯ ಮನೆಯಲ್ಲಿ ಊಟ ಮಾಡುತ್ತಾ ಕಲಿಯುತ್ತಿರುವ ವಿದ್ಯಾರ್ಥಿಗೆ ಹದಿನೈದು ಡಾಲರೂ ಲಾಭವೇ. ಸಾಲದುದಕ್ಕೆ 2022 ರಿಂದೀಚೆಗೆ, ನಾಲ್ಕು ಮಾತು ಬರೆದುಕೊಟ್ಟರೆ ನಿಮಿಷದಲ್ಲಿ ಮನೆಯ ಚಿತ್ರ ಬಿಡಿಸಿಕೊಡುವ ಕೃತಕ ಬುದ್ಧಿಯ ಯಂತ್ರಗಳೂ ಜನರ ಕೈಗೆ ಬಂದಿವೆ. "ಒಂದು ಚಂದದ ಮನೆ" ಎಂಬಷ್ಟೇ ಬೇಕಾದ ಗಿರಾಕಿ ಅತ್ತ ಹೋದನೆಂದೇ ತಿಳಿಯಿರಿ. ಅವನ ಹಿಂದೆ ಓಡಿದರೆ ಹದಿನೈದು ಹತ್ತಾಗುತ್ತದೆ, ಹತ್ತು ಐದಾಗುತ್ತದೆ.

ಆದರೆ ಎಲ್ಲ ಗಿರಾಕಿಗಳೂ ಒಂದೇ ಅಲ್ಲ. ತನ್ನ ಕಲ್ಪನೆ ಸರಿಯೇ ಎಂದು ನೋಡಿಕೊಳ್ಳಲು ವಾಸ್ತುಶಿಲ್ಪಿಗೆ ಬೇಕಾಗುವ ಚಿತ್ರ ಬೇರೆ, ಅರವತ್ತು ಫ್ಲ್ಯಾಟುಗಳನ್ನು ಮಾರಬೇಕಾದ ಬಿಲ್ಡರನಿಗೆ ಬೇಕಾಗುವುದು ಬೇರೆ. ಎರಡನೆಯವನಿಗೆ ಚಿತ್ರ ಅಂದವಾಗಿದ್ದರೆ ಸಾಲದು, ನಕ್ಷೆಗೆ ಸರಿಯಾಗಿರಬೇಕು. ನಮ್ಮ ದೇಶದ 2016 ರ ಸ್ಥಿರಾಸ್ತಿ ಕಾನೂನಿನಲ್ಲಿ (ರೇರಾ ಎನ್ನುತ್ತಾರಲ್ಲ, ಅದು) ಜಾಹೀರಾತಿನ ಸುಳ್ಳು ವಿವರ ನಂಬಿ ಮುಂಗಡ ಕೊಟ್ಟವನಿಗೆ ನಷ್ಟವಾದರೆ ಕಟ್ಟಿಸುವವನು ಪರಿಹಾರ ಕೊಡಬೇಕೆಂದಿದೆ. ಇಲ್ಲದ ಬಾಲ್ಕನಿಯನ್ನು ಯಂತ್ರ ತಾನೇ ಬಿಡಿಸಿಬಿಟ್ಟರೆ ಉತ್ತರ ಹೇಳಬೇಕಾದವನು ಬಿಲ್ಡರು. ಇಂಥವನಿಗೆ ನಕ್ಷೆ ಓದಬಲ್ಲ ಮನುಷ್ಯ ಬೇಕು. ನಮ್ಮ ತರುಣರು ಹಗಲೆಲ್ಲ ನಕ್ಷೆ ತೆಗೆಯುವವರು. ಸಜ್ಜಾ ಎಷ್ಟು ಮುಂದೆ ಚಾಚಬೇಕು, ಮೆಟ್ಟಿಲಿನ ಎತ್ತರ ಎಷ್ಟಿರಬೇಕು ಎಂಬುದು ಅವರ ಬೆರಳ ತುದಿಯಲ್ಲಿದೆ. ಹದಿನೈದು ಡಾಲರಿನವನಲ್ಲಿ ಅದು ಇರುವುದು ಅಪರೂಪ. ಇದನ್ನು ತಮ್ಮ ಪರಿಚಯದಲ್ಲಿ ಅವರು ಬರೆದೇ ಇರಲಿಲ್ಲ. "ಕಡಿಮೆ ದರ, ಬೇಗ ಕೆಲಸ" ಎಂದು ಬರೆದುಕೊಂಡಿದ್ದರು. ಹಾಗೆ ಬರೆದರೆ ಕಡಿಮೆ ದರ ಹುಡುಕುವವರೇ ಬರುತ್ತಾರೆ.

ಆದ್ದರಿಂದ ಕೆಲಸ ಕೇಳಿ ಬಂದವನಿಗೆ ಮೊದಲು ಬೆಲೆ ಹೇಳಬೇಡಿ. ಚಿತ್ರ ಯಾವುದಕ್ಕೆ, ಎಲ್ಲಿ ಅಚ್ಚಾಗುತ್ತದೆ, ನಕ್ಷೆ ಪೂರ್ತಿಯಾಗಿದೆಯೆ, ಯಾವಾಗ ಬೇಕು ಎಂದು ಕೇಳಿ. ಪುಸ್ತಿಕೆಗೂ ರಸ್ತೆಯ ದೊಡ್ಡ ಫಲಕಕ್ಕೂ ಬಳಸುವ ಚಿತ್ರಕ್ಕೆ ಅಡಿಗಟ್ಟಿನ ದರದ ಮೇಲೆ ಹೆಚ್ಚು ಕೇಳುವುದರಲ್ಲಿ ತಪ್ಪಿಲ್ಲ. ಫೆರಿಸನ ಕಾಲದಿಂದಲೂ ಇದು ಒಪ್ಪಿಗೆ ತರುವ ಚಿತ್ರವೇ ಅಲ್ಲವೆ?

ಇನ್ನೊಂದು ದಾರಿ ತಾಸು ಇಳಿಸುವುದು. ನೋಟುಬುಕ್ಕಿನ 28 ತಾಸನ್ನು ಇಬ್ಬರೂ ಕೂತು ಸೋಸಿದೆವು. ಪ್ರತಿ ಸಲವೂ ಕಿಟಕಿ ಬಾಗಿಲುಗಳನ್ನು ಹೊಸದಾಗಿ ಮಾಡುತ್ತಿದ್ದರು. ಅವನ್ನು ಕೂಡಿಟ್ಟರೆ 9 ತಾಸು 6 ಆಗುತ್ತದೆ. ಬಣ್ಣ ಕಲ್ಲು ಗಿಡಗಳದೂ ಹಾಗೆಯೇ, 5 ರಿಂದ 3. ಬೆಳಕಿನ ಮೂರು ನಾಲ್ಕು ಹದಗಳನ್ನು ಸಿದ್ಧವಾಗಿ ಇಟ್ಟುಕೊಂಡರೆ 4 ರಿಂದ 2. ಕೊನೆಯ ಕೈಚಳಕ 1, ಪತ್ರ 1, ತಿದ್ದುಪಡಿ 3. ಒಟ್ಟು 16 ತಾಸು. 400 ರಂತೆ 6,400 ರೂಪಾಯಿ, ಅಂದರೆ ಕೈಗೆ 80 ಡಾಲರು, ಕೇಳಬೇಕಾದದ್ದು ಸರಿಯಾಗಿ 100. ನಲವತ್ತರಿಂದ ನೂರಕ್ಕೆ ಏರುವುದು ಸುಲಭವಲ್ಲ. ಆದರೆ ನೂರಾ ಎಪ್ಪತ್ತೈದಕ್ಕೆ ಏರುವಷ್ಟು ಕಷ್ಟವೂ ಅಲ್ಲ.

ಗಿರಾಕಿ ನೂರು ಕೊಡಲಾರೆ, ಅರವತ್ತೇ ಇದೆ ಎಂದರೆ? ದರ ಇಳಿಸುವ ಬದಲು ಕೆಲಸ ಇಳಿಸಿ. ಅರವತ್ತಕ್ಕೆ ಗಿಡಮರಗಳಿಲ್ಲದ, ಬಣ್ಣ ಹಚ್ಚದ ಬಿಳಿಯ ಮಾದರಿಯ ಚಿತ್ರ ಕೊಡುತ್ತೇನೆ ಎನ್ನಿ. ಅಥವಾ ಒಂದೇ ಮನೆಯ ಎರಡನೆಯ ನೋಟ ಬೇಕಾದರೆ ಅದನ್ನು ಕಡಿಮೆಗೆ ಕೊಡಿ. ಕಟ್ಟಡ ಎಬ್ಬಿಸುವ ಶ್ರಮ ಆಗಲೇ ಮುಗಿದಿರುವುದರಿಂದ ಎರಡನೆಯ ನೋಟಕ್ಕೆ ತಾಸು ನಿಜವಾಗಿಯೂ ಕಡಿಮೆ. ಹೀಗೆ ಕಾರಣವಿಟ್ಟು ಇಳಿಸಿದ ಬೆಲೆ ಮುಂದಿನ ಸಲ ಮತ್ತೆ ಏರಬಲ್ಲದು. ಸುಮ್ಮನೆ ಇಳಿಸಿದ್ದು ಅಲ್ಲಿಯೇ ನಿಲ್ಲುತ್ತದೆ.

ತಿದ್ದುಪಡಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಣ ಸೋರಿ ಹೋಗುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಮೇಲೆಯೇ ಒಮ್ಮೆ ಇದು ನಡೆದಿದೆ. ಒಂದು ಕಟ್ಟಡದ ಚಿತ್ರ ಒಪ್ಪಿಕೊಂಡು, "ತೃಪ್ತಿಯಾಗುವವರೆಗೆ ತಿದ್ದಿಕೊಡುತ್ತೇವೆ" ಎಂದು ದೊಡ್ಡ ಮನಸ್ಸಿನಿಂದ ಬರೆದುಕೊಟ್ಟಿದ್ದೆವು. ಮೂರನೆಯ ಸಲ ತಿದ್ದುವ ಹೊತ್ತಿಗೆ ಅವರು ನಕ್ಷೆಯನ್ನೇ ಬದಲಿಸಿ ಮೆಟ್ಟಿಲನ್ನು ಪೂರ್ವದಿಂದ ಪಶ್ಚಿಮಕ್ಕೆ ಒಯ್ದರು. ಅದನ್ನೂ ತಿದ್ದುಪಡಿ ಎಂದೇ ಕರೆದರು. ಏಳನೆಯ ಸಲದ ಹೊತ್ತಿಗೆ ನಮಗೂ ತೃಪ್ತಿ ಎಂಬ ಶಬ್ದದ ಅರ್ಥ ಮರೆತಿತ್ತು. ಕೊನೆಗೆ ಆ ಕಟ್ಟಡವೇ ನಿಂತುಹೋಯಿತು, ಹಣವೂ ಬರಲಿಲ್ಲ.

ಅಂದಿನಿಂದ ನಾವು ಎರಡನ್ನು ಬೇರೆ ಮಾಡಿ ಬರೆಯುತ್ತೇವೆ. ನಕ್ಷೆಯಲ್ಲಿದ್ದದ್ದು ಚಿತ್ರದಲ್ಲಿ ತಪ್ಪಿದ್ದರೆ ಅದು ನಮ್ಮ ತಪ್ಪು, ಎಷ್ಟು ಸಲವಾದರೂ ಉಚಿತವಾಗಿ ತಿದ್ದಬೇಕು. ನಕ್ಷೆಯನ್ನೋ ಒಪ್ಪಿದ ಬಣ್ಣವನ್ನೋ ಗಿರಾಕಿ ಬದಲಿಸಿದರೆ ಅದು ಹೊಸ ಕೆಲಸ, ತಾಸಿನ ದರದಂತೆ ಹಣ. ಬೆಳಕು, ಗಿಡ, ಕುರ್ಚಿಗಳಂಥ ಅಭಿರುಚಿಯ ಬದಲಾವಣೆ ಎರಡು ಸಲದವರೆಗೆ ಬೆಲೆಯಲ್ಲೇ ಸೇರಿದೆ. ಇಷ್ಟನ್ನೂ ಕೆಲಸಕ್ಕೆ ಮೊದಲೇ ಕಾಗದದಲ್ಲಿ ಹಾಕಬೇಕು. ಬಣ್ಣ ಹಚ್ಚುವ ಮೊದಲು ಬರೀ ಬಿಳಿಯ ಮಾದರಿಯನ್ನು ಕಳಿಸಿ "ಗೋಡೆ ಕಿಟಕಿ ಸರಿಯಾಗಿವೆ" ಎಂಬ ಒಪ್ಪಿಗೆಯನ್ನು ಬರೆಹದಲ್ಲಿ ತರಿಸಿಕೊಂಡರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಮುಂಗಡ ಅರ್ಧ. ಉಳಿದ ಅರ್ಧ ಬರುವವರೆಗೆ ಅಡ್ಡ ಹೆಸರು ಹಾಕಿದ ಚಿಕ್ಕ ಪ್ರತಿ ಮಾತ್ರ ಕೊಡಬೇಕು, ಅಚ್ಚಿಗೆ ಬರುವ ದೊಡ್ಡ ಪ್ರತಿ ಹಣ ಬಂದ ಮೇಲೆ. ಇದರಲ್ಲಿ ಸಂಕೋಚ ಬೇಡ.

ಈ ನಗರದ ಬಿಲ್ಡರುಗಳ ಕೆಲಸದಲ್ಲಿ ದಲಾಲಿ ಇಲ್ಲ, ಆದರೆ ಹಣ ತಡವಾಗುತ್ತದೆ. "ನಾಳೆ" ಎಂಬ ಮಾತು ತಿಂಗಳುಗಟ್ಟಲೆ ನಡೆಯುತ್ತದೆ. ಅದಕ್ಕೆ ಒಂದು ಉಪಾಯವಿದೆ, ನಮ್ಮವರಲ್ಲಿ ಬಳಸಿದವರು ಕಡಿಮೆ. ಸಣ್ಣ ಉದ್ಯಮಿಯೆಂದು ಸರಕಾರದ ಉದ್ಯಮ್ ಪಟ್ಟಿಯಲ್ಲಿ, ಕೆಲಸ ಹಿಡಿಯುವುದಕ್ಕೆ ಮೊದಲೇ, ಹೆಸರು ಬರೆಸಿರಿ. ಅದಕ್ಕೆ ಶುಲ್ಕವಿಲ್ಲ. 2006 ರ ಕಾನೂನಿನ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಿಗಳಿಗೆ ಕೊಳ್ಳುವವನು ಒಪ್ಪಿದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನದೊಳಗೆ, ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಈ ಒಂದು ಸಾಲನ್ನೂ ಬರೆದರೆ ಎಷ್ಟೋ ಸಲ ವಾದವೇ ಬೇಕಾಗುವುದಿಲ್ಲ.

ಹೊರದೇಶದ ಹಣ ಬಂದಾಗ ಬ್ಯಾಂಕು ಕೊಡುವ ರಸೀದಿಯನ್ನು ಎಸೆಯಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟುವ ಸೂಚನೆ ಕಂಡರೆ ಜಿ.ಎಸ್.ಟಿ. ವಿಷಯ ಬಲ್ಲವರನ್ನು ಕಾಣಿರಿ. ದಿನಕ್ಕೊಂದು ಚಿತ್ರದ ಕನಸು ಕಂಡವರಿಗೆ ಆ ಸಮಯ ದೂರವಿದೆ, ಸದ್ಯಕ್ಕೆ ರಸೀದಿ ಸಾಕು.

ಆ ತರುಣರ ಸಂಗತಿ ಏನಾಯಿತೆಂದು ಕೇಳುವಿರಿ. ನೌಕರಿ ಬಿಡಲಿಲ್ಲ. ತಮ್ಮ ಪರಿಚಯವನ್ನು ಬದಲಿಸಿ, ನಕ್ಷೆ ತೆಗೆಯುವವನ ಕೈಯ ಚಿತ್ರ ಎಂದು ಬರೆದರು. ಹಳೆಯ ಮೂವರು ಗಿರಾಕಿಗಳಿಗೆ ನೂರು ಡಾಲರಿನ ದರ ತಿಳಿಸಿದರು. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಆ ವಾರ ಅವರು ನಮ್ಮ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದರೆಂದು ಕಾಣುತ್ತದೆ, ವಾಚನಾಲಯಕ್ಕೆ ಬರಲಿಲ್ಲ. ಮೂರನೆಯವನು, ಎರಡು ನೋಟ ಸೇರಿ ನೂರಾ ಐವತ್ತಕ್ಕೆ ಆಗುತ್ತದೆಯೆ ಎಂದು ಕೇಳಿದನು. ಎರಡನೆಯ ನೋಟಕ್ಕೆ ಎಂಟು ತಾಸು ಸಾಕೆಂದು ಲೆಕ್ಕ ಹಾಕಿ ಒಪ್ಪಿಕೊಂಡರು, ಮುಂಗಡವೂ ಬಂದಿತು.

ಹೋದ ಭಾನುವಾರ ನೋಟುಬುಕ್ಕು ತಂದು ತೋರಿಸಿದರು. ಎರಡು ನೋಟಕ್ಕೆ ಇಪ್ಪತ್ತನಾಲ್ಕು ತಾಸು ಆಗಬೇಕಾಗಿತ್ತು, ಇಪ್ಪತ್ತಾರು ಆಗಿದೆ. ಉಳಿದೆರಡು ತಾಸು ಎಲ್ಲಿ ಹೋಯಿತೆಂದು ಇಬ್ಬರೂ ಹುಡುಕುತ್ತಿದ್ದೇವೆ. ಬೇವಿನ ಮರದ ಎಲೆಗಳ ಮೇಲೆ ನಮಗೆ ಅನುಮಾನವಿದೆ.